ಅಚ್ಚು ಮುರಿದರೆ ಅಚ್ಚು ಬದಲಿಸಿ, ತೇರನ್ನಲ್ಲ

ಕಾಗಿನೆಲೆಯಿಂದ ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಯಾವ ಕಡೆಗೆ ಹೊರಟರೂ ದಾರಿಯ ಊರುಗಳಲ್ಲಿ ಗುಡಿಯ ಹತ್ತಿರ ಎತ್ತರದ ತಗಡಿನ ಬಾಗಿಲಿನ ತೇರಿನ ಮನೆ ಕಾಣುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅಂಥ ಮನೆಗಳೊಳಗೆ ಒಂದೊಂದಾಗಿ ಹೊಸ ತೇರುಗಳು ಬಂದು ನಿಲ್ಲುತ್ತಿವೆ. ಹಳೆಯ ತೇರು ಗುಡಿಯ ಹಿಂದುಗಡೆ, ಜಾಲಿಕಂಟಿಯ ಪಕ್ಕ, ಹರಿದ ತಾಡಪತ್ರಿ ಹೊದ್ದು ಮಳೆಗೆ ನೆನೆಯುತ್ತ ಕುಳಿತಿರುತ್ತದೆ. ಕೇಳಿದರೆ ಎಲ್ಲ ಕಡೆಯೂ ಒಂದೇ ಉತ್ತರ: ಹಳೇದಾಗಿತ್ತು, ಗಾಲಿ ಸೀಳಿತ್ತು, ಊರಿಗೆ ಶೋಭೆ ಅಲ್ಲ ಅಂತ ಹೊಸದು ಮಾಡಿಸಿದಿವಿ. ಹೀಗೆ ಹೇಳುವವರು ಕೆಟ್ಟವರಲ್ಲ. ಕೈಯಿಂದ ದುಡ್ಡು ಹಾಕಿ, ಮನೆಮನೆಗೆ ತಿರುಗಿ ಪಟ್ಟಿ ಎತ್ತಿ, ಭಕ್ತಿಯಿಂದಲೇ ಮಾಡಿರುತ್ತಾರೆ. ಆದರೂ ಅವರು ಮಾಡಿದ್ದು ತಪ್ಪು. ಇನ್ನೂ ನೂರು ವರ್ಷ ಎಳೆಯಬಹುದಾದ ತೇರನ್ನು ಎರಡು ಗಾಲಿ ಮತ್ತು ಒಂದು ತೊಲೆಯ ಸಲುವಾಗಿ ಮೂಲೆಗೆ ತಳ್ಳುವುದನ್ನು ಜೀರ್ಣೋದ್ಧಾರ ಎಂದು ನಾನು ಒಪ್ಪುವುದಿಲ್ಲ.

ನಮ್ಮ ಸೀಮೆಯ ಹತ್ತಿರದ ಊರೊಂದರಲ್ಲಿ ಹೀಗೆ ಬಿಟ್ಟ ಗಡ್ಡಿಯೊಂದನ್ನು, ಅಂದರೆ ತೇರಿನ ಕೆತ್ತನೆಯ ಕೆಳಭಾಗವನ್ನು, ಒಬ್ಬ ಹಿರಿಯ ಬಡಿಗೇರರ ಜೊತೆ ನಿಂತು ನೋಡಿದೆ. ಅದರ ಮೇಲೆ ಎಣ್ಣೆಬಣ್ಣದ ನಾಲ್ಕೈದು ಪದರ. ಒಂದು ಮೂಲೆಯಲ್ಲಿ ಬಣ್ಣ ಸಿಪ್ಪೆಯಾಗಿ ಎದ್ದ ಕಡೆ ಕುದುರೆ ಸವಾರನ ಮಂಡಿ ಕಾಣುತ್ತಿತ್ತು. ಮಂಡಿಯ ಕೆಳಗೆ ರಿಕಾಪು, ಅದರ ಪಟ್ಟಿಯ ಹೊಲಿಗೆ ಕೂಡ ಉಳಿಯ ಮೊನೆಯಲ್ಲಿ ತೆಗೆದದ್ದು. ಕೆತ್ತಿದವನು ಕುದುರೆಯ ಕುತ್ತಿಗೆಯ ಮಡಿಕೆಗೆ ಮರದ ಎಳೆ ಹರಿದ ದಿಕ್ಕನ್ನೇ ಬಳಸಿಕೊಂಡಿದ್ದ. ಬಣ್ಣ ಇರುವಷ್ಟು ಜಾಗದಲ್ಲಿ ಮಾತ್ರ ಅದೇ ಕುದುರೆ ಬೆಲ್ಲದಚ್ಚಿನ ಗೊಂಬೆಯ ಹಾಗೆ ಮೊಂಡಾಗಿತ್ತು. ಮಳೆನೀರು ಸುರಿಯುವ ಕಡೆಯ ಅಡಿತೊಲೆಯ ತುದಿ ಒಂದು ಮೊಳದಷ್ಟು ಮೆತ್ತಗಾಗಿತ್ತು. ಎರಡು ಗಾಲಿ ಗುಂಬದಿಂದಲೇ ಸೀಳಿದ್ದವು. ಬಡಿಗೇರರು ಉಳಿಯ ಹಿಡಿಯಿಂದ ಒಂದೊಂದೇ ತುಂಡನ್ನು ಬಡಿದು ಸದ್ದು ಕೇಳುತ್ತ ಸುತ್ತು ಹಾಕಿ ಬಂದರು. "ಯಜಮಾನ್ರ, ಇದರಾಗ ಹಾಳಾಗಿದ್ದು ಎಷ್ಟ್ರೀ? ಒಂದು ತೊಲಿ, ಎರಡು ಗಾಲಿ. ಉಳಿದದ್ದೆಲ್ಲಾ ಗಂಟಿ ಬಾರಿಸಿದಂಗ ಬಾರಿಸ್ತೈತಿ. ನಮ್ಮನ್ನ ಯಾರೂ ಕೇಳಲೇ ಇಲ್ರೀ" ಎಂದರು.

ಕೇಳಲಿಲ್ಲ ಎಂಬುದೇ ಇಡೀ ಸಮಸ್ಯೆ. ತೇರಿನ ಭವಿಷ್ಯ ತೀರ್ಮಾನವಾಗುವ ಸಭೆಯಲ್ಲಿ ಪಂಚರಿರುತ್ತಾರೆ, ಟ್ರಸ್ಟಿನವರಿರುತ್ತಾರೆ, ದಾನಿಗಳಿರುತ್ತಾರೆ, ಕೆಲವೊಮ್ಮೆ ಸ್ವಾಮಿಗಳೂ ಇರುತ್ತಾರೆ. ಉಳಿ ಹಿಡಿದವನು ಇರುವುದಿಲ್ಲ. ಅವನನ್ನು ಕರೆಯುವುದು ಹೊಸ ತೇರಿನ ಅಳತೆ ತೆಗೆಯಲು ಮಾತ್ರ.

ಮೊದಲು ಶಾಸ್ತ್ರದ ಮಾತನ್ನೇ ತೆಗೆದುಕೊಳ್ಳೋಣ. ಭಿನ್ನವಾದದ್ದು ದೇವರ ಕೆಲಸಕ್ಕೆ ಬರುವುದಿಲ್ಲ ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗಾದರೆ ಅವರದೇ ಊರಿನ ದ್ಯಾಮವ್ವನನ್ನು ಕೇಳಬೇಕು. ನಮ್ಮ ಕಡೆಯ ಗ್ರಾಮದೇವತೆಗಳಲ್ಲಿ ಬಹಳಷ್ಟು ಮರದ ಮೂರ್ತಿಗಳು. ಕೆಲವು ವರ್ಷಕ್ಕೊಮ್ಮೆ ಜಾತ್ರೆ ಕೂಡಿಬಂದಾಗ ಅವ್ವನನ್ನು ಬಣ್ಣಕ್ಕೆ ಕಳಿಸುತ್ತಾರೆ. ಕಳೆಯನ್ನು ಕಲಶಕ್ಕೆ ಇಳಿಸಿ, ಮೂರ್ತಿಯನ್ನು ಚಿತ್ರಗಾರರ ಕೈಗೆ ಒಪ್ಪಿಸುತ್ತಾರೆ. ಅವರು ಬಿರುಕು ತುಂಬುತ್ತಾರೆ, ಸಡಿಲಾದ ಕೈ ಬಿಗಿ ಮಾಡುತ್ತಾರೆ, ಬಣ್ಣ ಹಾಕುತ್ತಾರೆ, ಕೊನೆಗೆ ಕಣ್ಣು ತೆಗೆಯುತ್ತಾರೆ. ಆಮೇಲೆ ಅದೇ ಅವ್ವ, ಅದೇ ಮರ, ಮೆರವಣಿಗೆಯಲ್ಲಿ ಜಾತ್ರೆಗೆ ಕೂರುವ ಚೌತಮನೆಗೆ ಬರುತ್ತಾಳೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಸಂದುಗಳಿಗೆ ತುಂಬುವ ಕಿಟ್ಟ ಎಂಬುದನ್ನು ನೋಡಿ. ಗೋಣಿನಾರನ್ನು ನೆನೆಸಿ ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಸರಿ ಕೂಡಿಸಿ ಅರೆದ ಹಿಟ್ಟು ಅದು. ಮರಕ್ಕೆ ಮರದ ಬಂಧುವನ್ನೇ ತುಂಬುವ ಈ ವಿದ್ಯೆ ಹುಟ್ಟಿದ್ದೇ ಮರ ಬಿರಿಯುತ್ತದೆ, ಬಿರಿದದ್ದನ್ನು ಕೂಡಿಸಬೇಕಾಗುತ್ತದೆ ಎಂಬ ತಿಳಿವಳಿಕೆಯಿಂದ. ಗರ್ಭಗುಡಿಯೊಳಗೆ ಕೂರುವ ದೇವಿಯನ್ನೇ ರಿಪೇರಿ ಮಾಡಿ ಪೂಜಿಸುವ ಜನ ನಾವು. ದೇವರು ವರ್ಷಕ್ಕೊಂದು ದಿನ ಹತ್ತಿ ಇಳಿಯುವ ವಾಹನಕ್ಕೆ ಮಾತ್ರ ಭಿನ್ನದ ನಿಯಮ ಹಚ್ಚುವುದು ಯಾವ ನ್ಯಾಯ? ಆಗಮಗಳಲ್ಲಿ ಜೀರ್ಣೋದ್ಧಾರದ ವಿಧಿಯೇ ಬೇರೆಯಾಗಿ ಇದೆ. ಸವೆದದ್ದನ್ನೆಲ್ಲ ಎಸೆಯಬೇಕೆಂದಿದ್ದರೆ ಆ ಅಧ್ಯಾಯಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಎರಡನೆಯ ಮಾತು ಸುರಕ್ಷತೆಯದು. ಇದನ್ನು ಹಗುರಾಗಿ ತಳ್ಳಿಹಾಕಲಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನಲ್ಲಿ ಸಾವಿರಾರು ಜನ ನೆರೆದ ಜಾತ್ರೆಯ ದಿನವೇ ಕೊಟ್ಟೂರೇಶ್ವರ ಸ್ವಾಮಿಯ ತೇರು ವಾಲಿ ಉರುಳಿತು, ಜನ ಗಾಯಗೊಂಡರು. ಆ ದೃಶ್ಯ ಕಂಡವರು ಹಳೆ ತೇರು ಎಂದರೆ ಹೆದರುವುದು ಸಹಜ. ಆದರೆ ಹೆದರಿಕೆಯಿಂದ ಎಲ್ಲಿಗೆ ಹೋಗಬೇಕು ಎಂಬುದು ಪ್ರಶ್ನೆ. ತೇರು ಒಂದೇ ವಸ್ತು ಎಂದು ನೋಡುವುದರಿಂದಲೇ ಎಡವುತ್ತೇವೆ. ಮೇಲಿನ ಬಿದಿರು, ಬಟ್ಟೆ, ಪತಾಕೆ, ಹೂವು ವರ್ಷವರ್ಷ ಹೊಸದು. ಎಳೆಯುವ ಹಗ್ಗ, ಅಂದರೆ ಮಿಣಿ, ಕೆಲವು ವರ್ಷ ಬಾಳುತ್ತದೆ. ಅಚ್ಚು, ಗಾಲಿ ಒಂದು ತಲೆಮಾರಿನವು. ಅವು ಸವೆಯಲೆಂದೇ ಮಾಡಿದವು, ಸವೆದಾಗ ಬದಲಿಸಲೇಬೇಕು. ಕೆತ್ತನೆಯ ಗಡ್ಡಿ ಮಾತ್ರ ತಲೆಮಾರುಗಳನ್ನು ದಾಟಲು ಕಟ್ಟಿದ್ದು. ಒಂದೊಂದು ಭಾಗಕ್ಕೂ ಒಂದೊಂದು ಆಯುಷ್ಯ ಇಟ್ಟೇ ಹಳಬರು ತೇರು ಕಟ್ಟಿದರು. ಒಂದು ತುಂಡಿನ ನಾಲಿಗೆ ಇನ್ನೊಂದರ ತೂತಿಗೆ ಕೂತು, ಮೇಲೆ ಮರದ ಬೆಣೆ ಬಿಗಿದ ಜೋಡಣೆ ಯಾಕೆ? ಬೆಣೆ ತಟ್ಟಿ ತೆಗೆದರೆ ಹಾಳಾದ ತುಂಡು ಒಂದೇ ಹೊರಗೆ ಬರಲಿ, ಪಕ್ಕದ್ದಕ್ಕೆ ಪೆಟ್ಟಾಗದಿರಲಿ ಎಂದು.

ತೇರು ವಾಲುವುದಕ್ಕೆ ಕಾರಣ ಹುಡುಕುವಾಗ ಗಡ್ಡಿಯ ವಯಸ್ಸನ್ನೇ ಮೊದಲು ಹಿಡಿಯುತ್ತಾರೆ. ಗಾಲಿಯ ಸೀಳು, ಅಚ್ಚಿನೊಳಗಿನ ಕುಟ್ಟೆ ಹುಳ, ವರ್ಷವರ್ಷ ಎತ್ತರವಾಗುತ್ತಲೇ ಹೋಗುವ ಮೇಲಿನ ಅಲಂಕಾರ, ಒಂದೇ ಪಕ್ಕಕ್ಕೆ ಜೋತುಬಿದ್ದು ಎಳೆಯುವ ಜನ, ತೇರುಬೀದಿಯ ನಡುವೆ ಅಗೆದು ಕಲ್ಲುಚಪ್ಪಡಿ ಮುಚ್ಚಿದ ಗಟಾರ, ಮನೆ ಮುಂದೆ ಹಾಕಿಕೊಂಡ ರೋಡ್ ಹಂಪ್ ಇವೆಲ್ಲ ಹೊಸ ತೇರಿಗೂ ತಪ್ಪದ ಅಪಾಯಗಳು. ನಿನ್ನೆ ಮಾಡಿದ ತೇರನ್ನು ಇದೇ ಬೀದಿಯಲ್ಲಿ ಇದೇ ರೀತಿ ಎಳೆದರೆ ಅದೂ ವಾಲುತ್ತದೆ. ಜಾತ್ರೆಗೆ ತಿಂಗಳ ಮೊದಲು ಅಚ್ಚು ಬಿಚ್ಚಿ ನೋಡುವ, ಗಾಲಿಯ ಹಳಿ ಸಡಿಲಾಗಿದ್ದರೆ ಕಮ್ಮಾರರಿಂದ ಕಾಸಿ ಏರಿಸುವ ಪದ್ಧತಿ ಇಟ್ಟುಕೊಂಡ ಊರಿನ ಇನ್ನೂರು ವರ್ಷದ ತೇರನ್ನು ನಾನು ಧೈರ್ಯವಾಗಿ ಎಳೆಯುತ್ತೇನೆ. ತಂದು ನಿಲ್ಲಿಸಿದ ಮೇಲೆ ಯಾರೂ ಅಡಿಗೆ ಬಗ್ಗಿ ನೋಡದ ಹೊಸ ತೇರಿನ ಮಿಣಿ ಮುಟ್ಟಲು ನನಗೆ ಧೈರ್ಯವಿಲ್ಲ.

ಮರದ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೊಸದು ಗಟ್ಟಿ, ಹಳೆಯದು ಟೊಳ್ಳು ಎಂಬ ನಂಬಿಕೆ ಮರದ ಮಟ್ಟಿಗೆ ತಲೆಕೆಳಗು. ಹಸಿ ಮರದಲ್ಲಿ ನೀರಿರುತ್ತದೆ. ಆರುತ್ತ ಹೋದ ಹಾಗೆ ಮರ ಕುಗ್ಗುತ್ತದೆ, ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ಬಹಳ ಕಡಿಮೆ. ಈ ಏರುಪೇರಿನಿಂದಲೇ ಸೀಳು ಬಿಡುವುದು, ತಿರುಚುವುದು. ನೆರಳಿನಲ್ಲಿ ಗಾಳಿಗೆ ಆರಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಮರಗೆಲಸದ ಸಾಮಾನ್ಯ ಲೆಕ್ಕ. ತೇರಿನ ಅಚ್ಚು, ಅಡಿತೊಲೆಗಳ ದಪ್ಪ ನೆನಪಿಸಿಕೊಂಡು ಲೆಕ್ಕ ಹಾಕಿ ನೋಡಿ. ಈ ದೀಪಾವಳಿಗೆ ಸಭೆ ಕೂಡಿ, ಮುಂದಿನ ಜಾತ್ರೆಗೆ ಹೊಸ ತೇರು ಬೇಕು ಎಂದು ಅವಸರ ಮಾಡಿದರೆ ಅದಕ್ಕೆ ಬೀಳುವ ಮರ ಎಷ್ಟು ಆರಿರಲು ಸಾಧ್ಯ? ಇವತ್ತು ಕೂದಲು ತೂರದ ಹಾಗೆ ಕೂಡಿದ ಸಂದು ನಾಲ್ಕು ಬೇಸಿಗೆ ಕಳೆಯುವುದರೊಳಗೆ ಬೆರಳು ಹೋಗುವಷ್ಟು ಬಾಯಿ ಬಿಡುತ್ತದೆ. ಆಗ ಕಬ್ಬಿಣದ ಪಟ್ಟಿ, ಬೋಲ್ಟು ಹೊಡೆಯುತ್ತಾರೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸುತ್ತಲಿನ ಮರವನ್ನು ಸೀಳುತ್ತದೆ. ಹಳೆಯ ಗಡ್ಡಿಯ ಮರ ಇದನ್ನೆಲ್ಲ ಎಂದೋ ಮುಗಿಸಿದೆ. ಕುಗ್ಗುವಷ್ಟು ಕುಗ್ಗಿ, ಹೊರಳುವಷ್ಟು ಹೊರಳಿ, ಈಗ ತನ್ನ ಜಾಗದಲ್ಲಿ ನೆಲೆಗೊಂಡಿದೆ. ಆ ದಪ್ಪದ, ಆ ವಯಸ್ಸಿನ ಸಾಗವಾನಿಯೋ ಮತ್ತಿಯೋ ಇವತ್ತು ಯಾವ ಡಿಪೋದಲ್ಲೂ ಸಲೀಸಾಗಿ ಸಿಗುವುದಿಲ್ಲ. ಊರ ಹಿತ್ತಲಲ್ಲಿ ಅದೇ ಮರ ಗೆದ್ದಲಿಗೆ ಬಿದ್ದಿರುವಾಗ ನಾವು ಅದಕ್ಕಿಂತ ಎಳೆಯ, ಅದಕ್ಕಿಂತ ಹಸಿ ಮರಕ್ಕೆ ಲಕ್ಷಗಟ್ಟಲೆ ಸುರಿಯುತ್ತಿದ್ದೇವೆ.

ಹಳೆಯ ಮರವನ್ನು ಉಳಿಸಿಕೊಂಡು ಕೆಟ್ಟ ಭಾಗವನ್ನಷ್ಟೇ ಬದಲಿಸುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಸ್ವೀಡನ್ನಿನ ರಾಜಧಾನಿಯಲ್ಲಿ ವಾಸಾ ಎಂಬ ಮರದ ಯುದ್ಧನೌಕೆ ಇದೆ. 1628ರಲ್ಲಿ ಮೊದಲ ಪಯಣದಲ್ಲೇ ಮುಳುಗಿ, 333 ವರ್ಷ ನೀರಿನಡಿ ಇದ್ದು, 1961ರಲ್ಲಿ ಮೇಲೆ ಬಂತು. ಒಣಗಿ ಸೀಳದಿರಲೆಂದು 17 ವರ್ಷ ಅದರ ಮೇಲೆ ರಾಸಾಯನಿಕ ಮೇಣದ ದ್ರಾವಣ ಸಿಂಪಡಿಸಿದರು. ಇತ್ತೀಚೆಗೆ ಅದರ ತುಕ್ಕು ಹಿಡಿದ ಕಬ್ಬಿಣದ ಬೋಲ್ಟುಗಳನ್ನು ಸಾವಿರಗಟ್ಟಲೆ ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಕೂಡಿಸಿದರು. ಹಡಗು ಹಾಗೇ ಉಳಿಯಿತು, ಬೋಲ್ಟು ಬದಲಾಯಿತು. ಅಷ್ಟೊಂದು ಹಣ ನಮ್ಮ ಹಳ್ಳಿಗಳಲ್ಲಿ ಎಲ್ಲಿದೆ ಎನ್ನಬಹುದು. ನಮ್ಮ ತೇರು ಸಮುದ್ರದ ತಳದಲ್ಲೇನೂ ಬಿದ್ದಿಲ್ಲ. ಅದಕ್ಕೆ ಬೇಕಾಗಿರುವುದು ಒಬ್ಬ ಬಡಿಗೇರ, ಒಬ್ಬ ಕಮ್ಮಾರ, ಸೋರದ ಒಂದು ಮಾಡು.

ಪುರಿಯಲ್ಲಿ ವರ್ಷವರ್ಷ ಹೊಸ ರಥ ಮಾಡುತ್ತಾರಲ್ಲ, ಅಲ್ಲಿಲ್ಲದ ದೋಷ ನಮಗೇಕೆ ಎಂದು ಓದಿಕೊಂಡವರು ಕೇಳುತ್ತಾರೆ. ನಿಜ, ಜಗನ್ನಾಥನ ನಂದಿಘೋಷಕ್ಕೆ 16 ಗಾಲಿ, ಬಲಭದ್ರನ ತಾಳಧ್ವಜಕ್ಕೆ 14, ಸುಭದ್ರೆಯ ದರ್ಪದಳನಕ್ಕೆ 12. ಮೂರೂ ಪ್ರತಿ ವರ್ಷ ಹೊಸವು. ಅಲ್ಲಿ ಉಳಿದುಬರುವುದು ಕೈಯೊಳಗಿನ ವಿದ್ಯೆ. ವಂಶಪಾರಂಪರ್ಯದ ಕುಶಲಕರ್ಮಿಗಳು ಅದೇ ಅಳತೆಯಲ್ಲಿ ಅದೇ ರಥವನ್ನು ವರ್ಷ ತಪ್ಪದೆ ಕಟ್ಟುವುದರಿಂದ ಮರ ಹೋದರೂ ರಥ ಹೋಗುವುದಿಲ್ಲ. ನಮ್ಮಲ್ಲಿ ವಿದ್ಯೆ ಇರುವುದು ಮರದೊಳಗೆ. ನಮ್ಮ ಗಡ್ಡಿಯನ್ನು ಕೆತ್ತಿದವರು ಅಳತೆಯ ಪುಸ್ತಕ ಬರೆದಿಟ್ಟು ಹೋಗಲಿಲ್ಲ, ಗಡ್ಡಿಯನ್ನೇ ಬಿಟ್ಟು ಹೋದರು. ಅದು ಹೋದರೆ ಯಾವ ಊರಿನ ಯಾಳಿಗೆ ಎಂಥ ದವಡೆ, ಆನೆಯ ಸೊಂಡಿಲು ಯಾವ ಕಡೆಗೆ ಮಡಚಿತ್ತು ಎಂದು ಹೇಳಲು ಏನೂ ಉಳಿಯುವುದಿಲ್ಲ. ಹೊಸ ತೇರಿಗೆ ಕೆತ್ತನೆ ಬರುವುದು ಹಲವು ಸಲ ಸಿಎನ್‌ಸಿ ಯಂತ್ರದಿಂದ. ಒಂದೇ ಕಂಪ್ಯೂಟರ್ ಚಿತ್ರದಿಂದ ಹತ್ತು ಊರಿಗೆ ಹತ್ತು ಗಣಪ ಬರುತ್ತಾನೆ.

ಹೊಸ ತೇರೇ ಬೇಡ ಎಂದು ನಾನು ಹಟ ಹಿಡಿದಿಲ್ಲ. ಚಾಮರಾಜನಗರದ ಚಾಮರಾಜೇಶ್ವರನ ರಥಕ್ಕೆ 2017ರಲ್ಲಿ ಬೆಂಕಿ ಬಿತ್ತು. ವರ್ಷಗಟ್ಟಲೆ ಆ ಊರಿನ ಆಷಾಢದ ತೇರು ನಿಂತುಹೋಗಿ, ಹೊಸ ರಥ ಬಂದ ಮೇಲೆ 2022ರಲ್ಲಿ ಮತ್ತೆ ಎಳೆದರು. ಸುಟ್ಟುಹೋದದ್ದಕ್ಕೆ ಬೇರೆ ದಾರಿಯಿಲ್ಲ. ಕುಕ್ಕೆ ಸುಬ್ರಹ್ಮಣ್ಯಕ್ಕೆ 2019ರಲ್ಲಿ ಕುಂದಾಪುರದ ಹತ್ತಿರದ ಕೋಟೇಶ್ವರದಿಂದ ಹೊಸ ಬ್ರಹ್ಮರಥ ಮೆರವಣಿಗೆಯಲ್ಲಿ ಬಂತು. ಕೋಟೇಶ್ವರದ ರಥಶಿಲ್ಪಿಗಳ ಕೈಚಳಕಕ್ಕೆ ನನ್ನ ಗೌರವ ದೊಡ್ಡದು. ಅಂಥ ಕೈಗಳು ಇನ್ನೂ ಇವೆ ಎಂದಮೇಲೆ ಹಳೆಯ ತೇರುಗಳ ಮುರಿದ ತುಂಡುಗಳನ್ನು ಹೊಸದಾಗಿ ಕೆತ್ತಿ ಕೂಡಿಸುವ ಕೆಲಸವನ್ನೂ ಅವರಿಗೇ ಕೊಡಬಹುದಲ್ಲ. ದೊಡ್ಡ ಕ್ಷೇತ್ರಗಳು ಮಾಡಿದ್ದನ್ನು ಸಣ್ಣ ಊರುಗಳು ಅನುಸರಿಸುವುದು ನಮ್ಮಲ್ಲಿ ರೂಢಿ, ಆದ್ದರಿಂದಲೇ ದೊಡ್ಡ ಕ್ಷೇತ್ರಗಳು ರಿಪೇರಿಯನ್ನೂ ಅಷ್ಟೇ ಸಡಗರದಿಂದ ಮಾಡಿ ತೋರಿಸಬೇಕು.

ಇನ್ನು ಬಣ್ಣ. ಹೊಸ ತೇರು ಮಾಡಿಸಲು ಕೈಯಲ್ಲಾಗದ ಊರುಗಳು ಹಳೆಯದಕ್ಕೆ ಬಣ್ಣ ಹೊಡೆಸಿ ಜೀರ್ಣೋದ್ಧಾರ ಆಯಿತು ಎನ್ನುತ್ತವೆ. ಇದು ತೇರನ್ನು ಎಸೆಯುವುದಕ್ಕಿಂತ ನಿಧಾನವಾದ ಹಾಳು, ಅಷ್ಟೆ. ಎಣ್ಣೆಬಣ್ಣದ ಪದರ ಪ್ಲಾಸ್ಟಿಕ್ಕಿನ ಹಾಗೆ ಮರದ ಉಸಿರು ಕಟ್ಟುತ್ತದೆ. ಮುಂಗಾರಿನಲ್ಲಿ ಸಂದು, ತಳ, ಬಿರುಕುಗಳಿಂದ ಒಳಹೊಕ್ಕ ತೇವ ಹೊರಗೆ ಬರಲು ದಾರಿ ಸಿಗದೆ ಅಲ್ಲೇ ನಿಂತು, ಒಳಗಿನಿಂದ ಮರ ಕೊಳೆಯುತ್ತದೆ. ಹೊರಗೆ ಮಾತ್ರ ಕೆಂಪು ಹಳದಿ ಮಿರಿಮಿರಿ ಹೊಳೆಯುತ್ತಿರುತ್ತದೆ. ಹಾಳಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತೊಲೆ ಮುಗಿದಿರುತ್ತದೆ, ಆಮೇಲೆ ಹಳೆಯದರ ಹಣೆಬರಹವೇ ಇಷ್ಟು ಎಂದು ಹೊಸದಕ್ಕೆ ಪಟ್ಟಿ ಎತ್ತುತ್ತಾರೆ. ಹಳೆ ಬಣ್ಣ ತೆಗೆಯುವ ಬಗೆ ಇನ್ನೂ ಘೋರ. ಕಾಸ್ಟಿಕ್ ಸೋಡಾ ಸುರಿದು ಉಜ್ಜುತ್ತಾರೆ, ಬೆಂಕಿಯ ಉರಿ ಹಿಡಿಯುತ್ತಾರೆ, ಗ್ರೈಂಡರ್ ಹಚ್ಚುತ್ತಾರೆ. ಸೋಡಾ ಮರದ ಎಳೆಗಳನ್ನು ತಿಂದು ಮೇಲ್ಮೈಯನ್ನು ಹತ್ತಿಯಂತೆ ಬಿಡಿಸುತ್ತದೆ. ಗ್ರೈಂಡರ್ ಸುತ್ತುತ್ತ ದೇವತೆಯ ಮೂಗನ್ನೇ ಸವರಿಕೊಂಡು ಹೋಗುತ್ತದೆ. ಒಂದು ಹಗಲಿನಲ್ಲಿ ಇನ್ನೂರು ವರ್ಷದ ಉಳಿಯ ಗುರುತು ಅಳಿಯುತ್ತದೆ.

ರಾಮಧಾನ್ಯ ಚರಿತೆ ಬರೆದ ಕನಕದಾಸರ ನೆಲ ಇದು. ಅಕ್ಕಿ ರಾಗಿಗಳಲ್ಲಿ ಯಾವುದು ದೊಡ್ಡದು ಎಂಬ ಜಗಳವನ್ನು ಅಲ್ಲಿ ರಾಮ ಬಣ್ಣ ನೋಡಿ ಬಗೆಹರಿಸುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಉಳಿದುಬಂದದ್ದು ಯಾವುದು ಎಂದು ನೋಡಿ ತೀರ್ಪು ಕೊಡುತ್ತಾನೆ. ಆ ಕತೆ ಕೇಳಿ ಬೆಳೆದವರು ಕಪ್ಪಾದ ಮರವನ್ನು ಕಂಡು ಊರಿಗೆ ಶೋಭೆ ಅಲ್ಲ ಎನ್ನುವುದು ನನಗೆ ನೋವಿನ ಸಂಗತಿ.

ಹೊಸದರ ಮೋಹಕ್ಕೆ ಇನ್ನೊಂದು ಬೇರು ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸ ತೇರಿಗೆ ದಾನಿಯ ಹೆಸರಿನ ಕಲ್ಲು ಕೂರುತ್ತದೆ, ಲೋಕಾರ್ಪಣೆ ಇರುತ್ತದೆ, ಮೆರವಣಿಗೆ, ಬ್ಯಾನರ್, ಶಾಸಕರ ಭಾಷಣ ಇರುತ್ತದೆ. ಅಚ್ಚು ಬದಲಿಸಿದ್ದಕ್ಕೆ, ಕುಟ್ಟೆ ಹಿಡಿದ ಅರ್ಧ ತೊಲೆ ಕೊಯ್ದು ಹೊಸ ಮರ ಬೆಸೆದದ್ದಕ್ಕೆ ಯಾವ ಸಮಾರಂಭವೂ ಇಲ್ಲ. ಹೀಗಿರುವಾಗ ರಿಪೇರಿಗೆ ದುಡ್ಡು ಕೊಡುವವರು ಸಿಗುವುದಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ? ರಿಪೇರಿ ದುಬಾರಿ, ಹೊಸದೇ ಅಗ್ಗ ಎಂಬ ಮಾತು ಹುಟ್ಟಿದ್ದೂ ಇಲ್ಲೇ. ನಾನು ಕೇಳಿದ ಕಡೆಯಲ್ಲೆಲ್ಲ ರಿಪೇರಿಯ ಅಂದಾಜು ಪಟ್ಟಿಯನ್ನೇ ಯಾರೂ ಮಾಡಿಸಿರಲಿಲ್ಲ. ತೂಗದೆ ಒಂದನ್ನು ಭಾರ ಎಂದರೆ ಹೇಗೆ ನಂಬುವುದು? ಗಾಲಿ ಎರಡು, ತೊಲೆ ಒಂದು ಎಂದ ಆ ಬಡಿಗೇರರ ಪಟ್ಟಿಯನ್ನು ಹೊಸ ತೇರಿನ ಕೊಟೇಶನ್ ಪಕ್ಕ ಇಟ್ಟು ಸಭೆಯಲ್ಲಿ ಓದಲಿ. ರಿಪೇರಿಯ ಹಣ ಸುತ್ತಲಿನ ಬಡಿಗೇರರ, ಕಮ್ಮಾರರ ಮನೆಗೇ ಹೋಗುತ್ತದೆ ಎಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಲಿ. ನಮ್ಮ ಕಡೆಯ ಬಡಿಗೇರರ ಮಕ್ಕಳು ಈಗ ಪ್ಲೈವುಡ್ ಕಪಾಟು ಮಾಡುತ್ತಿದ್ದಾರೆ. ಅವರ ಕೈಗೆ ತೇರಿನ ಕೆಲಸ ಬರುವುದು ರಿಪೇರಿಯಿಂದ ಮಾತ್ರ, ಯಾಕೆಂದರೆ ಹೊಸದು ಯಾವತ್ತೂ ದೂರದ ಊರಿನಿಂದ ಲಾರಿಯ ಮೇಲೆ ಬರುತ್ತದೆ.

ಹಿತ್ತಲಿಗೆ ಹೋದ ಗಡ್ಡಿಯ ಮುಂದಿನ ಕತೆಯನ್ನೂ ಹೇಳಬೇಕು. ಮೊದಲು ಒಂದೆರಡು ಬಿಡಿ ಗೊಂಬೆ ಕಾಣೆಯಾಗುತ್ತವೆ. ಆಮೇಲೆ ಯಾರೋ ಬಂದು ಕಟ್ಟಿಗೆಯ ದರಕ್ಕೆ ಕೇಳುತ್ತಾರೆ. ದಕ್ಷಿಣ ಭಾರತದ ತೇರುಗಳಿಂದ ಬಿಚ್ಚಿದ ಕೆತ್ತನೆ ಹಲಗೆಗಳು ದೇಶವಿದೇಶಗಳ ಹಳೆ ಸಾಮಾನಿನ ಅಂಗಡಿಗಳಲ್ಲಿ, ಶ್ರೀಮಂತರ ಪಡಸಾಲೆಯ ಗೋಡೆಗಳಲ್ಲಿ ನೇತಾಡುತ್ತಿರುವುದು ಹೊಸ ಸುದ್ದಿಯಲ್ಲ. ನೂರು ವರ್ಷ ದಾಟಿದ ಇಂಥ ಕೆತ್ತನೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಟ್ಟಿಗೆ ಎಂದು ಮಾರಿದ ಪಂಚರಿಗೆ ಇದು ತಿಳಿದೇ ಇರುವುದಿಲ್ಲ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣಕ್ಕೆ ಕಾಲಿಟ್ಟರೆ ಗಾಜಿನ ಮನೆಯೊಳಗೆ ತಮಿಳುನಾಡಿನ ಕಡೆಯದೊಂದು ಮರದ ತೇರು ಸಿಗುತ್ತದೆ, ನಾನೂರಕ್ಕೂ ಹೆಚ್ಚು ಕೆತ್ತನೆ ಹಲಗೆಗಳದ್ದು. ಟಿಕೆಟ್ ತೆಗೆಸಿ ಮಕ್ಕಳಿಗೆ ಅದನ್ನು ತೋರಿಸುತ್ತೇವೆ, ಊರಿಗೆ ಬಂದು ನಮ್ಮದಕ್ಕೆ ತಾಡಪತ್ರಿ ಮುಚ್ಚುತ್ತೇವೆ. ಹಾಗೆಂದು ನಮ್ಮ ತೇರುಗಳನ್ನೂ ಗಾಜಿನೊಳಗೆ ಇಡಿ ಎನ್ನುವವರ ಪೈಕಿ ನಾನಲ್ಲ. ತೇರು ಎಳೆಯಬೇಕು. ಉತ್ತತ್ತಿ, ಬಾಳೆಹಣ್ಣು ಅದರ ಮೇಲೆ ಬೀಳಬೇಕು. ವರ್ಷಕ್ಕೊಮ್ಮೆ ಎಳೆಯುವ ತೇರನ್ನು ವರ್ಷಕ್ಕೊಮ್ಮೆಯಾದರೂ ಜನ ನೋಡುತ್ತಾರೆ, ಮುಟ್ಟುತ್ತಾರೆ, ಎಲ್ಲಿ ಸಡಿಲಾಗಿದೆ ಎಂದು ಗುರುತಿಸುತ್ತಾರೆ. ಎಳೆಯುವುದು ನಿಂತ ದಿನವೇ ಅದರ ಹಾಳು ಶುರು.

ಮಾಡಬೇಕಾದದ್ದು ನಮ್ಮ ಕೈಯಲ್ಲೇ ಇದೆ. ತೇರಿನ ಮನೆಗೆ ಮಾಡು ಸೋರದಿರಲಿ, ಗೋಡೆಯಲ್ಲಿ ಗಾಳಿಯಾಡುವ ಜಾಲಂಧ್ರ ಇರಲಿ. ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ, ಅದರೊಳಗೆ ತೇವ ಬೆವರಿ ಮರ ಕೊಳೆಯುತ್ತದೆ. ಜಾತ್ರೆ ಮುಗಿದ ಮೇಲೆ ಗಾಲಿಗಳನ್ನು ಮಣ್ಣಿನ ಮೇಲೆ ಬಿಡದೆ ಸನ್ನೆಗೋಲಿನಿಂದ ಎತ್ತಿ ಕಲ್ಲಿನ ಮೇಲೆ ಕೂರಿಸಿರಿ. ಗೆದ್ದಲು, ಕುಟ್ಟೆಗೆ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಹಚ್ಚಬಹುದು. ಯಾವ ಜಾತಿಯ ಮರ ಎಂದು ಗೊತ್ತಾಗದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿಗೆ ಒಂದು ಚಕ್ಕೆ ಕಳಿಸಿದರೆ ಸಾಕು. ಬಣ್ಣದ ಪದರ ತೆಗೆಯುವ ವಿಷಯದಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಮೈಸೂರು ಕೇಂದ್ರದವರನ್ನು ಕೇಳದೆ ಉಜ್ಜಲು ಹೋಗಬೇಡಿ. ಧರ್ಮಾದಾಯ ದತ್ತಿ ಇಲಾಖೆಯವರು ತಮ್ಮ ಗುಡಿಗಳಲ್ಲಿ ಹೊಸ ತೇರಿಗೆ ಒಪ್ಪಿಗೆ ಕೊಡುವ ಮೊದಲು ಹಳೆಯದರ ರಿಪೇರಿ ಅಂದಾಜನ್ನು ಕಡ್ಡಾಯವಾಗಿ ಕೇಳಲಿ. ಹಳೆಯದನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಬರೆದ ಉತ್ತರ ಇಲ್ಲದೆ ಕಡತ ಮುಂದೆ ಹೋಗದಿರಲಿ.

ರಿಪೇರಿ ಕೈಗೆತ್ತಿಕೊಂಡ ಊರಿನವರಿಗೆ ಇನ್ನೊಂದು ಮಾತು. ಬಿಚ್ಚುವ ಮೊದಲು ನಾಲ್ಕೂ ಮಗ್ಗುಲಿನಿಂದ, ಹಲಗೆ ಹಲಗೆಯ ಫೋಟೋ ತೆಗೆದಿಡಿ. ಬಿಚ್ಚಿದ ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ನಂಬರು ಬರೆಯಿರಿ. ಹೊಸ ಮರ ಕೂಡಿಸಿದ ಕಡೆ, ಹೊರಗೆ ಕಾಣದ ಒಳಮೈ ಮೇಲೆ, ಅದು ಯಾವ ಮರ, ಯಾವ ವರ್ಷ ಕೂಡಿಸಿದ್ದು, ಯಾವ ಬಡಿಗೇರರು ಕೂಡಿಸಿದರು ಎಂದು ಉಳಿಯಿಂದಲೇ ಕೊರೆಸಿರಿ. ಐವತ್ತು ವರ್ಷದ ಮೇಲೆ ಆ ಬೆಣೆ ತೆಗೆಯುವ ಇನ್ನೊಬ್ಬ ಬಡಿಗೇರನಿಗೆ ಅದು ಬೇಕಾಗುತ್ತದೆ.